ಮೈಬಣ್ಣ ಮತ್ತು ಪಹಣಿ

ಮುಖ ಕಂಡ ಕೂಡಲೇ ಹೊರಗಿನವರು ‘ನೀವು ಎಲ್ಲಿಯವರು?’ ಎಂದು ಕೇಳುವ ಎರಡು ಸಮುದಾಯಗಳು ಉತ್ತರ ಕನ್ನಡದ ಮುಂಡಗೋಡ ತಾಲೂಕಿನಲ್ಲಿವೆ. ಒಂದು ಟಿಬೆಟನ್ನರದು. ದೇಶ ಬಿಟ್ಟು ಬಂದ ಇವರಿಗೆ 1966ರಲ್ಲಿ ಇಲ್ಲಿ ನೆಲೆ ಸಿಕ್ಕಿತು. ಸರ್ಕಾರ ಸುಮಾರು 4,000 ಎಕರೆ ಭೂಮಿ ಒದಗಿಸಿತು. ಗಾದೆನ್, ದ್ರೆಪುಂಗ್ ಮಠಗಳು ಮತ್ತೆ ತಲೆಯೆತ್ತಿದವು. ಶಾಲೆ, ಆಸ್ಪತ್ರೆ, ಸಹಕಾರ ಸಂಘಗಳು ಬಂದವು. ಇನ್ನೊಂದು ಸಿದ್ದಿಗಳದು. ಇವರ ಹಿರಿಯರು ಆಫ್ರಿಕದಿಂದ ಬಂದು ಶತಮಾನಗಳು ಕಳೆದಿವೆ. ಇವರು ಈ ದೇಶದ ಪ್ರಜೆಗಳು, ಮತದಾರರು. ಮನೆಯಲ್ಲಿ ಕೊಂಕಣಿ ಛಾಯೆಯ ಮಾತು, ಪೇಟೆಗೆ ಬಂದರೆ ಕನ್ನಡ. ಆದರೂ ಮೈನಳ್ಳಿ, ಗುಂಜಾವತಿ, ಕೆಂದಲಗೇರಿಯಂಥ ಊರುಗಳಲ್ಲಿ ಎಷ್ಟೋ ಸಿದ್ದಿ ಕುಟುಂಬಗಳಿಗೆ ತಾವು ಉಳುವ ನೆಲದ ಪಹಣಿಯಲ್ಲಿ ಹೆಸರಿಲ್ಲ.

ಅರವತ್ತು ವರ್ಷದ ಹಿಂದೆ ಬಂದವರಿಗೆ ಕಾಲೂರಲು ಸಿಕ್ಕಿದ್ದು, ನಾನೂರು ವರ್ಷದಿಂದ ಇರುವವರಿಗೆ ಏಕೆ ಸಿಗಲಿಲ್ಲ? ಈ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಉತ್ತರ ಬರುತ್ತವೆ. ಕಪ್ಪು ಬಣ್ಣ, ಗುಂಗುರು ಕೂದಲು ಕಂಡರೆ ನಮ್ಮವರಿಗೆ ತಾತ್ಸಾರ, ಅದಕ್ಕೇ ಹೀಗಾಯಿತು ಎನ್ನುತ್ತಾರೆ ಕೆಲವರು. ಬಣ್ಣ ನೆಪವಷ್ಟೇ, ಕೈಯಲ್ಲಿ ಕಾಸಿದ್ದರೆ ಯಾರೂ ಬಣ್ಣ ನೋಡುವುದಿಲ್ಲ ಎಂಬುದು ಇನ್ನು ಕೆಲವರ ಮಾತು. ತಳಿವಿಜ್ಞಾನ, ಸಾಮಾಜಿಕ ಮನೋವಿಜ್ಞಾನ, ಅರ್ಥಶಾಸ್ತ್ರಗಳಲ್ಲಿ ಕಳೆದ ಎರಡು ದಶಕಗಳಲ್ಲಿ ನಡೆದ ಕೆಲಸವನ್ನು ಹಳಿಯಾಳ, ಮುಂಡಗೋಡ, ಜೋಯಿಡಾ, ದಾಂಡೇಲಿ ತಾಲೂಕುಗಳ ಚರಿತ್ರೆಯ ಪಕ್ಕದಲ್ಲಿಟ್ಟು ಓದಿದರೆ, ಎರಡೂ ಉತ್ತರಗಳು ಅರ್ಧ ದಾರಿಯಲ್ಲೇ ನಿಲ್ಲುತ್ತವೆ ಎಂದು ನನಗೆ ಮನವರಿಕೆಯಾಗಿದೆ. ಬಡತನ ಇಲ್ಲಿ ಮುಖಕ್ಕೆ ಒಂದು ಅರ್ಥ ಹಚ್ಚುತ್ತದೆ, ಆ ಅರ್ಥವೇ ಮತ್ತೆ ಬಡತನವನ್ನು ಗಟ್ಟಿ ಮಾಡುತ್ತದೆ.

ಮೊದಲು ರಕ್ತದ ವಿಷಯ. ಹೈದರಾಬಾದಿನ ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರದ (ಸಿಸಿಎಂಬಿ) ಕುಮಾರಸ್ವಾಮಿ ತಂಗರಾಜ್ ಮತ್ತು ಸಂಗಡಿಗರು ಕರ್ನಾಟಕ, ಗುಜರಾತಿನ ಸಿದ್ದಿಗಳ ಡಿಎನ್‌ಎ ಪರೀಕ್ಷಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಜೀನೋಮಿನ ಉದ್ದಕ್ಕೂ ಲಕ್ಷಗಟ್ಟಲೆ ಗುರುತುಗಳನ್ನು ಹೋಲಿಸಿ ನೋಡಿದ ಅಧ್ಯಯನ ಅದು. ಸಹಾರಾ ಮರುಭೂಮಿಯ ದಕ್ಷಿಣಕ್ಕೆ ಬಂಟು ಭಾಷೆಗಳನ್ನಾಡುವ ಜನರೇ ಸಿದ್ದಿಗಳ ಪೂರ್ವಜರು ಎಂದು ತಂದೆಯ ಕಡೆಯಿಂದ ಬರುವ ವೈ ವರ್ಣತಂತುವೂ ತಾಯಿಯ ಕಡೆಯಿಂದ ಬರುವ ಮೈಟೊಕಾಂಡ್ರಿಯದ ಡಿಎನ್‌ಎಯೂ ಹೇಳಿದವು. ಅದರ ಜೊತೆಗೆ ಭಾರತೀಯ ಅಂಶ ಸಾಕಷ್ಟಿದೆ. ಪೋರ್ಚುಗೀಸರದಿರಬಹುದಾದ ಯುರೋಪಿನ ಅಂಶವೂ ಕೊಂಚ ಕಾಣುತ್ತದೆ. ಸ್ಥಳೀಯರೊಂದಿಗಿನ ಬೆರಕೆ ಹೆಚ್ಚಾಗಿ ನಡೆದದ್ದು ಕಳೆದ ಎಂಟು ತಲೆಮಾರುಗಳಲ್ಲಿ, ಅಂದರೆ ಸುಮಾರು 200 ವರ್ಷಗಳಿಂದ ಈಚೆಗೆ ಎಂಬುದು ಅವರ ಲೆಕ್ಕ.

ಬೆರಕೆಯ ಈ ಕಾಲವನ್ನು ಗೋವೆಯ ಚರಿತ್ರೆಯ ಜೊತೆ ಇಟ್ಟು ನೋಡಬೇಕು. ಪೋರ್ಚುಗೀಸರು ಪೂರ್ವ ಆಫ್ರಿಕದಿಂದ ಜನರನ್ನು ಹಿಡಿದು ತಂದು ಗೋವೆಯಲ್ಲಿ ಗುಲಾಮರಾಗಿ ಮಾರಿದರು. ಅಲ್ಲಿಂದ ತಪ್ಪಿಸಿಕೊಂಡವರು, ಬಿಡುಗಡೆಯಾದವರು ಘಟ್ಟ ಹತ್ತಿ ಜೋಯಿಡಾ, ಹಳಿಯಾಳ, ಯಲ್ಲಾಪುರದ ಕಾಡು ಸೇರಿದರು. ಪೋರ್ಚುಗೀಸ್ ಆಡಳಿತದ ಪ್ರದೇಶಗಳಲ್ಲಿ ಗುಲಾಮಗಿರಿ ಕಾನೂನುಬದ್ಧವಾಗಿ ನಿಂತದ್ದು 1869ರಲ್ಲಿ. ಆಮೇಲೂ ‘ಬಿಡುಗಡೆಯಾದವರು’ ಕೆಲವು ವರ್ಷ ಹಳೆಯ ಯಜಮಾನರ ಬಳಿಯೇ ದುಡಿಯಬೇಕೆಂಬ ನಿಯಮವಿತ್ತು. ಹೀಗೆ ಕಾಡಿಗೆ ಬಂದವನ ಬಳಿ ಹಣವಿರಲಿಲ್ಲ, ದಾಖಲೆ ಇರಲಿಲ್ಲ, ಜೊತೆಗೆ ನಿಲ್ಲುವ ಕುಲಬಾಂಧವರೂ ಇರಲಿಲ್ಲ. ಹಳ್ಳಿಯಲ್ಲಿ ಸಾಲ ಕೇಳಲು, ಜಗಳ ಬಂದಾಗ ನ್ಯಾಯ ಕೇಳಲು, ಮಗಳಿಗೆ ಗಂಡು ಹುಡುಕಲು ಬೇಕಾದ ನೆಂಟಸ್ತನದ ಬಲೆ ಅವನ ಪಾಲಿಗೆ ಹರಿದುಹೋಗಿತ್ತು. ಅರ್ಥಶಾಸ್ತ್ರಜ್ಞರು ಸಂಪತ್ತು ಎನ್ನುವಾಗ ಹಣ, ನೆಲ ಎರಡನ್ನೇ ಎಣಿಸುವುದು ವಾಡಿಕೆ. ಗುಲಾಮಗಿರಿ ಕಿತ್ತುಕೊಳ್ಳುವ ಮೂರನೆಯ ಸಂಪತ್ತು ಈ ನೆಂಟಸ್ತನ, ಮತ್ತೆ ಕಟ್ಟಲು ಅತಿ ಹೆಚ್ಚು ಕಾಲ ಹಿಡಿಯುವುದೂ ಅದೇ.

ಕಪ್ಪು ಬಣ್ಣವೊಂದೇ ಕಾರಣ ಎನ್ನುವವರು ಇಲ್ಲಿಂದ ಉತ್ತರಕ್ಕೆ, ವಿಜಯಪುರದ ಕಡೆ ಒಮ್ಮೆ ನೋಡಬೇಕು. 17ನೆಯ ಶತಮಾನದಲ್ಲಿ ಮುಹಮ್ಮದ್ ಆದಿಲ್ ಶಾಹನ ಆಸ್ಥಾನದ ಪ್ರಬಲ ಮಂತ್ರಿ ಇಖ್ಲಾಸ್ ಖಾನ್ ಆಫ್ರಿಕ ಮೂಲದವನು, ಅಂದಿನ ಮಾತಿನಲ್ಲಿ ಹಬ್ಶಿ. ಹೈದರ್ ಅಲಿ ಮತ್ತು ಇಬ್ರಾಹಿಂ ಖಾನ್ ಎಂಬ ಚಿತ್ರಕಾರರು ಬರೆದ ಪ್ರಸಿದ್ಧ ಕಿರುಚಿತ್ರದಲ್ಲಿ ಅವನು ಸುಲ್ತಾನನ ಆನೆಯ ಮೇಲೆ, ಸುಲ್ತಾನನ ಹಿಂದೆಯೇ ಕೂತಿದ್ದಾನೆ. ಚಿತ್ರಕಾರರು ಅವನ ಮೈಬಣ್ಣವನ್ನು ತಿಳಿಗೊಳಿಸಲು ಹೋಗಿಲ್ಲ. ಅಹ್ಮದ್‌ನಗರದ ಮಲಿಕ್ ಅಂಬರ್ (1548–1626) ಇಥಿಯೋಪಿಯದಲ್ಲಿ ಹುಟ್ಟಿ, ಹಲವು ಕೈ ಬದಲಾಗಿ ಮಾರಾಟವಾಗಿ ದಖ್ಖನಿಗೆ ಬಂದವನು. ಕೊನೆಗೆ ಮೊಗಲ್ ಸೈನ್ಯವನ್ನು ದಶಕಗಟ್ಟಲೆ ತಡೆದು ನಿಲ್ಲಿಸಿದ. ಜಂಜೀರಾದ ಸಿದ್ದಿ ನವಾಬರ ಆಳ್ವಿಕೆ 1948ರವರೆಗೂ ನಡೆಯಿತು. ಅದೇ ಖಂಡದಿಂದ ಬಂದವರು ಒಂದು ಕಡೆ ಕೋಟೆಯಲ್ಲಿದ್ದರು, ಇನ್ನೊಂದು ಕಡೆ ಯಾರದೋ ಗದ್ದೆಯ ಆಳಾದರು. ದಖ್ಖನಿನ ಸುಲ್ತಾನರಿಗೆ ಸ್ಥಳೀಯ ನಂಟಿಲ್ಲದ, ತಮಗೇ ನಿಷ್ಠನಾದ ಸೈನಿಕ ಬೇಕಿದ್ದ, ಆದ್ದರಿಂದ ಕುದುರೆ, ಕತ್ತಿ, ಜಹಗೀರು ಕೊಟ್ಟರು. ಗೋವೆಯ ಯಜಮಾನನಿಗೆ ಬೇಕಿದ್ದದ್ದು ಪಲ್ಲಕ್ಕಿ ಹೊರುವ, ಅಡುಗೆಮನೆಯಲ್ಲಿ ದುಡಿಯುವ ಕೈ.

ಹಾಗಾದರೆ ಅಧಿಕಾರ ಬಂದರೆ ಬಣ್ಣ ಅಳಿಸಿಹೋಗುತ್ತದೆಯೆ? ಮಲಿಕ್ ಅಂಬರನ ಕಥೆಯಲ್ಲೇ ಇದಕ್ಕೆ ಎದುರು ಸಾಕ್ಷಿಯಿದೆ. ಅವನನ್ನು ಸೋಲಿಸಲಾಗದ ಜಹಾಂಗೀರ್ ತನ್ನ ಆತ್ಮಕಥನದಲ್ಲಿ ಅವನ ಕಪ್ಪು ಮುಖವನ್ನು ಹಿಡಿದು ಮತ್ತೆ ಮತ್ತೆ ಹೀಯಾಳಿಸುತ್ತಾನೆ. ತಾನು ಅಂಬರನ ಕಡಿದ ತಲೆಗೆ ಬಾಣ ಬಿಡುತ್ತಿರುವಂತೆ ಅಬುಲ್ ಹಸನ್‌ನಿಂದ ಚಿತ್ರವನ್ನೂ ಬರೆಸಿಕೊಂಡ. ವಾಸ್ತವದಲ್ಲಿ ಆ ತಲೆ ಅವನ ಕೈಗೆ ಸಿಗಲೇ ಇಲ್ಲ. ಸಂಪತ್ತು, ಸೈನ್ಯ ಅಂಬರನಿಗೆ ಗೌರವ ತಂದುಕೊಟ್ಟವು. ವೈರಿಗೆ ಬೈಗುಳ ಬೇಕಾದಾಗ ಮಾತ್ರ ಬಣ್ಣವೇ ಸುಲಭವಾಗಿ ಕೈಗೆ ಬಂತು.

ಇಷ್ಟೆಲ್ಲ ಭಾರ ಹೊರುವ ಬಣ್ಣ ದೇಹದೊಳಗೆ ಎಷ್ಟು ಆಳಕ್ಕೆ ಇಳಿದಿದೆ? ಚರ್ಮದಲ್ಲಿ ಬಣ್ಣ ತಯಾರಿಸುವ ಮೆಲನೊಸೈಟ್ ಕೋಶಗಳ ಸಂಖ್ಯೆ ಕಪ್ಪಗಿನವರಲ್ಲೂ ಬೆಳ್ಳಗಿನವರಲ್ಲೂ ಹೆಚ್ಚುಕಡಿಮೆ ಒಂದೇ. ಆ ಕೋಶಗಳು ತುಂಬಿ ಕಳಿಸುವ ಮೆಲನಿನ್ ಕಣಗಳು ಎಷ್ಟು ದೊಡ್ಡವು, ಪಕ್ಕದ ಕೋಶಗಳಲ್ಲಿ ಹೇಗೆ ಹರಡುತ್ತವೆ ಎಂಬುದರಲ್ಲಿ ವ್ಯತ್ಯಾಸವಿದೆ. ಬಿಸಿಲಿನ ಅತಿನೇರಳೆ ಕಿರಣ ಹೆಚ್ಚಿರುವ ನಾಡುಗಳಲ್ಲಿ ಸಾವಿರಾರು ವರ್ಷ ಬಾಳಿದ ದೇಹಗಳು ಮಾಡಿಕೊಂಡ ಏರ್ಪಾಡು ಅದು. ಬಣ್ಣವನ್ನು ತಿಳಿಗೊಳಿಸುವ ಎಸ್‌ಎಲ್‌ಸಿ24ಎ5 ಎಂಬ ಜೀನಿನ ಒಂದು ರೂಪವನ್ನು ಸಿಸಿಎಂಬಿಯ ವಿಜ್ಞಾನಿಗಳು ಭಾರತದಾದ್ಯಂತ ಹುಡುಕಿ 2013ರಲ್ಲಿ ವರದಿ ಮಾಡಿದರು. ಯುರೋಪಿನವರಲ್ಲಿ ಮತ್ತು ನಮ್ಮಲ್ಲಿ ಇರುವ ಈ ರೂಪ ಒಂದೇ ಪೂರ್ವಜರಿಂದ ಬಂದದ್ದು. ಕಣ್ಣಿಗೆ ರಾಚುವ ಈ ಗುಣವನ್ನು ನಿರ್ಧರಿಸುವುದು ಜೀನೋಮಿನ ತೀರ ಸಣ್ಣ ಭಾಗ. ಮನುಷ್ಯರ ನಡುವಿನ ಒಟ್ಟು ತಳಿ ವೈವಿಧ್ಯದಲ್ಲಿ ಸುಮಾರು ಶೇಕಡಾ 85ರಷ್ಟು ಒಂದೊಂದು ಜನಸಮುದಾಯದ ಒಳಗೇ ಇದೆ ಎಂದು ರಿಚರ್ಡ್ ಲೆವೊಂಟಿನ್ 1972ರಲ್ಲೇ ಲೆಕ್ಕ ಹಾಕಿದ್ದರು. ಆಮೇಲಿನ ದೊಡ್ಡ ಅಧ್ಯಯನಗಳು ಅದನ್ನು ಅಲ್ಲಗಳೆಯಲಿಲ್ಲ. ಹಳಿಯಾಳದ ಇಬ್ಬರು ಸಿದ್ದಿಗಳ ನಡುವೆ, ಅಥವಾ ಇಬ್ಬರು ಮರಾಠರ ನಡುವೆ, ಎಷ್ಟೋ ಗುಣಗಳಲ್ಲಿ ಸಮುದಾಯಗಳ ನಡುವೆ ಇರುವುದಕ್ಕಿಂತ ಹೆಚ್ಚು ಅಂತರವಿರುತ್ತದೆ.

ಆದರೆ ನಮ್ಮ ಕಣ್ಣು ಜೀನೋಮನ್ನು ಓದುವುದಿಲ್ಲ. ಅದು ಏನನ್ನು ಓದುತ್ತದೆ ಎಂದು ತೋರಿಸಿದ ಒಂದು ಪ್ರಯೋಗ ನನ್ನನ್ನು ಬಹಳ ಕಾಡಿದೆ. ಜೊನಾಥನ್ ಫ್ರೀಮನ್, ಆಂಡ್ರ್ಯೂ ಪೆನ್ನರ್, ಅಲಿಯಾ ಸಪರ್‌ಸ್ಟೀನ್, ನಳಿನಿ ಅಂಬಾಡಿ ಮೊದಲಾದವರು ಅಮೆರಿಕದಲ್ಲಿ ಮಾಡಿ 2011ರಲ್ಲಿ ಪ್ರಕಟಿಸಿದ್ದು. ಕಂಪ್ಯೂಟರಿನಲ್ಲಿ ಬಿಳಿಯ ಮುಖದಿಂದ ಕಪ್ಪು ಮುಖದವರೆಗೆ ಹಂತಹಂತವಾಗಿ ಬದಲಾಗುವ ಮುಖಗಳನ್ನು ರಚಿಸಿದರು. ಒಂದೇ ಮುಖಕ್ಕೆ ಒಮ್ಮೆ ಕೋಟು-ಟೈ, ಇನ್ನೊಮ್ಮೆ ಕಸ ಗುಡಿಸುವ ಕೆಲಸಗಾರನ ಸಮವಸ್ತ್ರ. ನೋಡುವವರು ‘ಬಿಳಿಯ’ ಅಥವಾ ‘ಕಪ್ಪು’ ಎಂದು ಮೌಸ್ ಒತ್ತಬೇಕು. ಕೆಲಸಗಾರನ ಬಟ್ಟೆ ಹಾಕಿದಾಗ ಅದೇ ಮುಖ ಹೆಚ್ಚು ಜನರಿಗೆ ಕಪ್ಪಾಗಿ ಕಂಡಿತು, ಕೋಟು ತೊಡಿಸಿದಾಗ ಬಿಳಿಯದಾಗಿ ಕಂಡಿತು. ಮುಖ ಎರಡರ ನಡುವೆ ಇದ್ದಷ್ಟೂ ಬಟ್ಟೆಯ ಪ್ರಭಾವ ಹೆಚ್ಚು. ಕೋಟು ತೊಟ್ಟ ಮುಖವನ್ನು ‘ಕಪ್ಪು’ ಎಂದೇ ಗುರುತಿಸಿದವರ ಮೌಸ್ ಕೂಡ ಆ ಗುಂಡಿಗೆ ನೆಟ್ಟಗೆ ಹೋಗಲಿಲ್ಲ. ‘ಬಿಳಿಯ’ ಎಂಬ ಗುಂಡಿಯ ಕಡೆಗೆ ಒಂದಿಷ್ಟು ವಾಲಿ ಆಮೇಲೆ ತಿರುಗಿತು. ಉತ್ತರ ಹೇಳುವ ಮೊದಲೇ ಮನಸ್ಸು ಬಟ್ಟೆಯ ಬೆಲೆಯನ್ನು ಚರ್ಮದ ಲೆಕ್ಕಕ್ಕೆ ಸೇರಿಸಿಬಿಟ್ಟಿತ್ತು.

ಇದು ಪ್ರಯೋಗಶಾಲೆಯ ಮಾತಾಯಿತು. ಪೆನ್ನರ್ ಮತ್ತು ಸಪರ್‌ಸ್ಟೀನ್ ಇದಕ್ಕೂ ಮುಂಚೆ, 2008ರಲ್ಲಿ, 1979ರಿಂದ ಅಮೆರಿಕದಲ್ಲಿ ಒಂದೇ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ ಸಮೀಕ್ಷೆಯ ದಾಖಲೆಗಳನ್ನು ತೆಗೆದು ನೋಡಿದ್ದರು. ಸಂದರ್ಶನ ಮಾಡಿದವರು ಪ್ರತಿ ಸಲವೂ ಎದುರಿಗಿರುವ ವ್ಯಕ್ತಿಯ ಜನಾಂಗವನ್ನು ತಮ್ಮ ಕಣ್ಣಂದಾಜಿನಲ್ಲಿ ಬರೆದಿದ್ದರು. ಕೆಲಸ ಕಳೆದುಕೊಂಡ, ಬಡತನಕ್ಕೆ ಇಳಿದ, ಜೈಲಿಗೆ ಹೋಗಿಬಂದ ವ್ಯಕ್ತಿಯನ್ನು ಮುಂದಿನ ಸಂದರ್ಶನದಲ್ಲಿ ‘ಬಿಳಿಯ’ ಎಂದು ಬರೆಯುವ ಸಾಧ್ಯತೆ ಕಡಿಮೆಯಾಗುತ್ತಿತ್ತು. ಮುಖ ಅದೇ ಇತ್ತು. ಹಣ ಮನುಷ್ಯನನ್ನು ಬೆಳ್ಳಗೆ ಮಾಡುತ್ತದೆ ಎಂಬ ಮಾತು ಬ್ರೆಜಿಲಿನಲ್ಲಿ ಮೊದಲಿನಿಂದ ಚಾಲ್ತಿಯಲ್ಲಿದೆ. ಅದನ್ನು ಅಂಕಿಸಂಖ್ಯೆಯಲ್ಲಿ ಹಿಡಿದ ಕೆಲಸ ಇದು.

ಹಳಿಯಾಳದ ಸಂತೆಗೆ ಸೌದೆಹೊರೆ ಹೊತ್ತು ಬರುವ ಸಿದ್ದಿ ಹೆಂಗಸನ್ನು ನೋಡುವ ಕಣ್ಣೂ ಇಂಥದೇ. ಹೊರೆ, ಸವೆದ ಸೀರೆ, ಬರಿಗಾಲು ಮತ್ತು ಗುಂಗುರು ಕೂದಲು ನೋಡುವವನ ಮನಸ್ಸಿನಲ್ಲಿ ಒಂದಕ್ಕೊಂದು ಅಂಟಿಕೊಂಡಿವೆ. ಅದೇ ಸಮುದಾಯದ ಪ್ರಶಾಂತ ಸಿದ್ದಿ, ಗಿರಿಜಾ ಸಿದ್ದಿ ನೀನಾಸಮ್‌ನಲ್ಲಿ ಕಲಿತು ರಂಗಭೂಮಿಗೆ, ಸಿನಿಮಾಕ್ಕೆ ಬಂದಾಗ, ‘ಸಲಗ’ ಚಿತ್ರದಲ್ಲಿ ಸಿದ್ದಿ ಕಲಾವಿದರ ಹಾಡು ಮನೆಮಾತಾದಾಗ, ಅದೇ ಕೂದಲು ಬೇರೆ ಬೆಳಕಿನಲ್ಲಿ ಕಂಡಿತು. ಆದರೆ ಆ ಬೆಳಕು ಹಾಡಿದವರ ಮೇಲೆ ಬಿದ್ದಷ್ಟು ಅವರ ಊರಿನವರ ಮೇಲೆ ಬೀಳುವುದಿಲ್ಲ. ಓದಿಗೋ ಕೆಲಸಕ್ಕೋ ಬೆಂಗಳೂರಿಗೆ ಹೋದ ಸಿದ್ದಿ ಯುವಕರು ತಮ್ಮನ್ನು ತಡೆದು ಪಾಸ್‌ಪೋರ್ಟ್ ಕೇಳಿದ್ದನ್ನು, ಬಾಡಿಗೆಮನೆ ನಿರಾಕರಿಸಿದ್ದನ್ನು ಮತ್ತೆ ಮತ್ತೆ ಹೇಳಿಕೊಂಡಿದ್ದಾರೆ. 2016ರ ಜನವರಿ 31ರಂದು ಹೆಸರಘಟ್ಟ ರಸ್ತೆಯಲ್ಲಿ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಮಹಿಳೆಯೊಬ್ಬರ ಮೇಲೆ ಹರಿದಾಗ, ಗುಂಪು ಥಳಿಸಿದ್ದು ಆ ಅಪಘಾತಕ್ಕೆ ಯಾವ ಸಂಬಂಧವೂ ಇಲ್ಲದ ಟಾಂಜಾನಿಯದ ವಿದ್ಯಾರ್ಥಿನಿಯನ್ನು. ಆ ಕ್ಷಣದಲ್ಲಿ ಒಂದು ಕಪ್ಪು ಮುಖ ಎಲ್ಲ ಕಪ್ಪು ಮುಖಗಳ ಪರವಾಗಿ ಹೊಡೆತ ತಿಂದಿತು. ಕನ್ನಡ ಮಾತಾಡುವ ಸಿದ್ದಿ ಹುಡುಗ ಅಲ್ಲಿ ನಿಂತಿದ್ದರೆ ಬಾಯಿ ತೆರೆಯುವಷ್ಟು ಹೊತ್ತು ಅವನಿಗೆ ಸಿಗುತ್ತಿತ್ತೇ ಎಂಬುದನ್ನು ನಾವು ಕೇಳಿಕೊಳ್ಳಬೇಕು.

ಓದಿ, ದುಡಿದು, ಹಣ ಕೂಡಿಸಿಕೊಂಡರೆ ಇದೆಲ್ಲ ತಾನಾಗಿ ಕರಗುತ್ತದೆ ಎನ್ನುವ ವಾದಕ್ಕೆ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ತಂಡ 2018ರಲ್ಲಿ ಹೊರತಂದ ಅಧ್ಯಯನ ಬಲವಾದ ಪೆಟ್ಟು ಕೊಟ್ಟಿತು. ಸುಮಾರು 2 ಕೋಟಿ ಅಮೆರಿಕನ್ ಮಕ್ಕಳ ತೆರಿಗೆ ಮತ್ತು ಜನಗಣತಿ ದಾಖಲೆಗಳನ್ನು ಜೋಡಿಸಿ ನೋಡಿದಾಗ, ಒಂದೇ ಆದಾಯದ ಮನೆಯಲ್ಲಿ, ಒಂದೇ ಬಡಾವಣೆಯಲ್ಲಿ ಬೆಳೆದರೂ ಕಪ್ಪು ಹುಡುಗರು ದೊಡ್ಡವರಾದ ಮೇಲೆ ಬಿಳಿಯ ಹುಡುಗರಿಗಿಂತ ಕಡಿಮೆ ಗಳಿಸುತ್ತಿದ್ದರು. ದೇಶದ ಅತಿ ಶ್ರೀಮಂತ ಶೇಕಡಾ 1ರಷ್ಟು ಮನೆಗಳಲ್ಲಿ ಬೆಳೆದ ಕಪ್ಪು ಹುಡುಗರು ಜೈಲು ಸೇರಿದ ಪ್ರಮಾಣ, ವರ್ಷಕ್ಕೆ ಸುಮಾರು 36,000 ಡಾಲರ್ ಆದಾಯದ ಬಿಳಿಯರ ಮನೆಯ ಹುಡುಗರಷ್ಟೇ ಇತ್ತು. ನಮ್ಮಲ್ಲಿ ಸುಖದೇವ್ ಥೋರಟ್ ಮತ್ತು ಪಾಲ್ ಆಟ್‌ವೆಲ್ ಖಾಸಗಿ ಕಂಪನಿಗಳ ಜಾಹೀರಾತುಗಳಿಗೆ ಒಂದೇ ಅರ್ಹತೆಯ, ಹೆಸರು ಮಾತ್ರ ಬೇರೆಯಾದ ಅರ್ಜಿಗಳನ್ನು ಕಳಿಸಿ 2007ರಲ್ಲಿ ಫಲಿತಾಂಶ ಬರೆದರು. ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ದಲಿತ ಹೆಸರಿಗೆ ಕರೆ ಬರುವ ಸಾಧ್ಯತೆ ಮೂರನೇ ಎರಡರಷ್ಟು, ಮುಸ್ಲಿಂ ಹೆಸರಿಗೆ ಮೂರನೇ ಒಂದರಷ್ಟು. ಸಿದ್ದಿಗಳಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಬಹಳಷ್ಟು ಜನ ಹೆಸರಿನ ಕೊನೆಗೆ ‘ಸಿದ್ದಿ’ ಎಂದೇ ಬರೆದುಕೊಳ್ಳುತ್ತಾರೆ. ಅರ್ಜಿಯ ಮೇಲೆ ಹೆಸರು, ಸಂದರ್ಶನದಲ್ಲಿ ಮುಖ, ಎರಡು ಬಾಗಿಲುಗಳನ್ನೂ ಅವರು ದಾಟಬೇಕು.

ತಿರಸ್ಕಾರದಷ್ಟೇ ಹಾನಿ ಹೊಗಳಿಕೆಯೂ ಮಾಡಬಲ್ಲದು. ಸಿದ್ದಿಗಳ ವಿಷಯದಲ್ಲಿ ಅದು ನಡೆದದ್ದು ಕ್ರೀಡೆಯ ಹೆಸರಿನಲ್ಲಿ. 1980ರ ದಶಕದಲ್ಲಿ ಮಾರ್ಗರೆಟ್ ಆಳ್ವ ಕೇಂದ್ರದಲ್ಲಿ ಕ್ರೀಡಾ ಖಾತೆ ನೋಡಿಕೊಳ್ಳುತ್ತಿದ್ದಾಗ, ಭಾರತೀಯ ಕ್ರೀಡಾ ಪ್ರಾಧಿಕಾರ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದಿತು. ಆಫ್ರಿಕದ ರಕ್ತ ಇರುವುದರಿಂದ ಇವರು ಓಡಬಲ್ಲರು, ಒಲಿಂಪಿಕ್ ಪದಕ ತರಬಲ್ಲರು ಎಂಬುದು ಹಿಂದಿನ ಎಣಿಕೆ. ಉದ್ದೇಶ ಒಳ್ಳೆಯದಿತ್ತು, ಕೆಲವರು ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದರು, ಕೆಲವರಿಗೆ ಕ್ರೀಡಾ ಕೋಟಾದಲ್ಲಿ ಕೆಲಸ ಸಿಕ್ಕಿತು. 1993ರ ಹೊತ್ತಿಗೆ ಸಿದ್ದಿ ಮಕ್ಕಳ ತರಬೇತಿ ನಿಂತುಹೋಯಿತು. ಹಾಸ್ಟೆಲಿನಿಂದ ಊರಿಗೆ ಮರಳಿದ ಎಷ್ಟೋ ಮಕ್ಕಳಿಗೆ ಅತ್ತ ಓದೂ ಇಲ್ಲ, ಇತ್ತ ಓಟವೂ ಇಲ್ಲ ಎಂಬಂತಾಯಿತು.

ಆ ಎಣಿಕೆಯ ಹಿಂದಿನ ವಿಜ್ಞಾನವೇ ಹುಸಿ. ದೂರದ ಓಟದಲ್ಲಿ ಹೆಸರು ಮಾಡಿದ ಕೀನ್ಯದ ಓಟಗಾರರಲ್ಲಿ ಬಹುಪಾಲು ಕಲೆಂಜಿನ್ ಸಮುದಾಯದವರು. ಅವರದು ಬಂಟು ಭಾಷೆಯಲ್ಲ, ಬೇರೆಯದೇ ಆದ ನೈಲೋಟಿಕ್ ಗುಂಪಿನದು. ಬೆಳೆಯುವುದು ಸಮುದ್ರಮಟ್ಟದಿಂದ 2,000 ಮೀಟರಿಗೂ ಮೇಲಿನ ರಿಫ್ಟ್ ಕಣಿವೆಯ ಎತ್ತರದಲ್ಲಿ. ಜಮೈಕಾದ ಶರವೇಗದ ಓಟಗಾರರ ಪೂರ್ವಜರು ಹೆಚ್ಚಾಗಿ ಪಶ್ಚಿಮ ಆಫ್ರಿಕದವರು. ಸಿದ್ದಿಗಳ ಪೂರ್ವಜರು ಈ ಎರಡೂ ಅಲ್ಲ. ಜಗತ್ತಿನ ಉಳಿದೆಲ್ಲ ಖಂಡಗಳ ಜನರನ್ನು ಒಟ್ಟುಗೂಡಿಸಿದರೂ ಆಫ್ರಿಕದೊಳಗಿನ ತಳಿ ವೈವಿಧ್ಯಕ್ಕೆ ಸಮನಾಗದು. ಅಷ್ಟು ದೊಡ್ಡ ಖಂಡವನ್ನು ಒಂದೇ ‘ಆಫ್ರಿಕದ ರಕ್ತ’ ಎನ್ನುವುದಕ್ಕೆ ಜೀವವಿಜ್ಞಾನದಲ್ಲಿ ಆಧಾರವಿಲ್ಲ.

ವೇಗದ ಓಟಕ್ಕೆ ನಂಟು ಕಟ್ಟಲಾದ ಎಸಿಟಿಎನ್3 ಎಂಬ ಜೀನಿನ ಕಥೆಯೂ ಇಂಥದೇ ಎಚ್ಚರ ಕೇಳುತ್ತದೆ. ಸ್ನಾಯುವಿನ ವೇಗದ ಎಳೆಗಳಲ್ಲಿ ಒಂದು ಪ್ರೋಟೀನನ್ನು ತಯಾರಿಸುವ ಜೀನು ಅದು. ಯುರೋಪಿನವರಲ್ಲಿ ಸುಮಾರು ಶೇಕಡಾ 18 ಮಂದಿಗೆ ಈ ಪ್ರೋಟೀನು ಇರುವುದೇ ಇಲ್ಲ. ಬಂಟು ಮೂಲದವರಲ್ಲಿ ಅದಿಲ್ಲದವರು ಶೇಕಡಾ 1ರ ಆಸುಪಾಸು. ಇದನ್ನು ಕೇಳಿದ ಕೂಡಲೇ ಸಿದ್ದಿಗಳು ಹುಟ್ಟು ಓಟಗಾರರು ಎಂದುಬಿಡುವ ಆಸೆಯಾಗುತ್ತದೆ. ಆದರೆ ಯುರೋಪಿನ ಶೇಕಡಾ 82 ಜನರಲ್ಲೂ ಆ ಪ್ರೋಟೀನು ಇದೆ, ನಮ್ಮಲ್ಲಿ ಬಹುಪಾಲು ಜನರಲ್ಲೂ ಇದೆ. ಓಟದ ವೇಗದಲ್ಲಿ ಮನುಷ್ಯರ ನಡುವೆ ಕಾಣುವ ಅಂತರದಲ್ಲಿ ಈ ಜೀನು ವಿವರಿಸುವುದು ಶೇಕಡಾ ಎರಡು ಮೂರರಷ್ಟನ್ನು ಮಾತ್ರ. ಉಳಿದದ್ದು ನೂರಾರು ಜೀನುಗಳು, ಬಾಲ್ಯದ ಊಟ, ತರಬೇತಿ, ಓಡಲು ಟ್ರ್ಯಾಕು, ಮಗನನ್ನು ದುಡಿಮೆಗೆ ಕಳಿಸದೆ ಓಡಲು ಬಿಡುವಷ್ಟು ಮನೆಯ ಅನುಕೂಲ. ಮುಂಡಗೋಡಿನಲ್ಲಿ ನೆಲೆಯೂರಿ ಈಚಿನ ವರ್ಷಗಳಲ್ಲಿ ಕೆಲಸ ಮಾಡುತ್ತಿರುವ ಬ್ರಿಡ್ಜಸ್ ಆಫ್ ಸ್ಪೋರ್ಟ್ಸ್ ಸಂಸ್ಥೆ ಮಕ್ಕಳನ್ನು ಅವರ ಊರಿನ ಸುತ್ತಲೇ ತಯಾರು ಮಾಡಲು ಹೊರಟಿರುವುದು ಹೆಚ್ಚು ವಿವೇಕದ ದಾರಿ ಎಂದು ನನ್ನ ಭಾವನೆ.

‘ಇವರು ದೇಹಬಲದವರು’ ಎಂಬ ಹೊಗಳಿಕೆಯ ನೆರಳಿನಲ್ಲಿ ‘ಓದು ಇವರಿಗೆ ಒಗ್ಗದು’ ಎಂಬ ಮಾತು ಇದ್ದೇ ಇರುತ್ತದೆ. ತರಗತಿಯಲ್ಲಿ ಹಿಂದಿನ ಬೆಂಚು, ವಾರ್ಷಿಕೋತ್ಸವದಲ್ಲಿ ಮುಂದಿನ ಸಾಲು ಎಂಬುದು ಆಗ ಸಹಜವೆನಿಸಿಬಿಡುತ್ತದೆ. ದಾಂಡೇಲಿಯ ಸುತ್ತ ರಿಸಾರ್ಟುಗಳು ಹೆಚ್ಚಿದ ಮೇಲೆ ಈ ನೋಟಕ್ಕೆ ಒಂದು ಮಾರುಕಟ್ಟೆಯೂ ಬಂತು. ಸಂಜೆ ಬೆಂಕಿಯ ಸುತ್ತ ಪ್ರವಾಸಿಗರ ಎದುರು ಸಿದ್ದಿಗಳು ದಮ್ಮಾಮು ಬಾರಿಸಿ ಕುಣಿಯುತ್ತಾರೆ. ಕಲೆಗೆ ಕೂಲಿ ಸಿಗುವುದು ಬೇಡವೆನ್ನಲು ನಾನು ಯಾರು? ಆದರೆ ಆ ಕುಣಿತ ಮದುವೆಯಲ್ಲಿ, ಹಬ್ಬದಲ್ಲಿ, ಹಿರಿಯರನ್ನು ನೆನೆಯುವಾಗ ಅವರು ತಮಗಾಗಿ ಕುಣಿಯುವ ಕುಣಿತ ಎಂಬುದನ್ನು ಅತಿಥಿಗೆ ಹೇಳುವವರು ಕಡಿಮೆ.

ಸಿದ್ದಿ ಹೆಂಗಸರು ಹೊಲಿಯುವ ಕೌದಿಯನ್ನು ಹತ್ತಿರದಿಂದ ನೋಡಿದವರಿಗೆ ಈ ಜನರ ಬುದ್ಧಿಯ ಬಗ್ಗೆ ಹಗುರ ಮಾತು ಬಾಯಿಗೆ ಬಾರದು. ಹಳೆಯ ಸೀರೆಯನ್ನು ಹಾಸಿ, ಹರಿದ ಬಟ್ಟೆಯ ತುಂಡುಗಳನ್ನು ಅಂಚು ಮಡಿಸುತ್ತ ಒಂದು ಮೂಲೆಯಿಂದ ಹೊಲಿಯಲು ಶುರುಮಾಡುತ್ತಾರೆ. ಹೊಲಿಗೆ ಅಂಚಿನ ಗುಂಟ ಸುತ್ತು ಸುತ್ತಾಗಿ ಒಳಗೆ ಸರಿಯುತ್ತ ಕೊನೆಗೆ ನಡುವಿಗೆ ಬಂದು ಮುಗಿಯುತ್ತದೆ. ನಾಲ್ಕು ಮೂಲೆಗೂ ಮಡಿಸಿ ಮಾಡಿದ ಮುಕ್ಕೋನದ ಪುಟ್ಟ ‘ಹೂವು’ಗಳಿರಬೇಕು, ಅವಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆ. ನಕ್ಷೆ ಬರೆದುಕೊಳ್ಳುವುದಿಲ್ಲ, ಅಳತೆಪಟ್ಟಿ ಇಲ್ಲ. ಒಟ್ಟು ವಿನ್ಯಾಸ ಮೊದಲೇ ತಲೆಯಲ್ಲಿರಬೇಕು.

ಈಗ ನೆಲದ ಮಾತಿಗೆ ಬರುತ್ತೇನೆ, ಯಾಕೆಂದರೆ ಪೂರ್ವಗ್ರಹದ ಬೇರು ಹೆಚ್ಚು ಕಾಲ ಬದುಕಿರುವುದು ಅಲ್ಲಿ. ಕರ್ನಾಟಕದ ಭೂಸುಧಾರಣೆ ಕಾಯ್ದೆಗೆ 1974ರಲ್ಲಿ ಬಂದ ತಿದ್ದುಪಡಿ ಗೇಣಿದಾರರಿಗೆ ಒಡೆತನ ಕೊಟ್ಟಿತು. ಉತ್ತರ ಕನ್ನಡದಲ್ಲಿ ಅದು ಸಾವಿರಾರು ಕುಟುಂಬಗಳ ಬದುಕು ಬದಲಿಸಿತು. ಆದರೆ ಲಾಭ ಸಿಕ್ಕಿದ್ದು ಗೇಣಿ ಒಪ್ಪಂದದಲ್ಲಿ ಉಳುತ್ತಿದ್ದವರಿಗೆ, ನಮೂನೆ 7ರ ಅರ್ಜಿ ಹಾಕಬಲ್ಲವರಿಗೆ. ಸಾಲ ತೀರಿಸಲು ಒಡೆಯನ ಮನೆಯಲ್ಲಿ ದುಡಿಯುತ್ತಿದ್ದ ಆಳು ಗೇಣಿದಾರನಲ್ಲ. ಅವನಿಗೆ ಆ ಕಾನೂನಿನಲ್ಲಿ ಜಾಗವಿರಲಿಲ್ಲ. ಹೆಚ್ಚಿನ ಸಿದ್ದಿಗಳು ಇದ್ದದ್ದು ಆಳಿನ ಸಾಲಿನಲ್ಲಿ. ಅವರ ಪಾಲಿಗೆ ಉಳಿದದ್ದು ಕಾಡಂಚಿನಲ್ಲಿ ಕಡಿದು ಮಾಡಿದ ತುಂಡು ಭೂಮಿ, ಸರ್ಕಾರದ ಕಾಗದದಲ್ಲಿ ‘ಅತಿಕ್ರಮಣ’.

ಅದೇ ಕಾಡು ಬಂಡವಾಳವಿದ್ದವರಿಗೆ ಹೇಗೆ ಒಲಿಯಿತು ಎಂಬುದನ್ನೂ ನೋಡಬೇಕು. 1955ರಲ್ಲಿ ಸ್ಥಾಪನೆಯಾದ ದಾಂಡೇಲಿಯ ಕಾಗದ ಕಾರ್ಖಾನೆಗೆ ಆರಂಭದಲ್ಲಿ ಬಿದಿರು ಸಿಕ್ಕಿದ್ದು ಟನ್ನಿಗೆ ಒಂದೂವರೆ ರೂಪಾಯಿಯಂತೆ ಎಂದು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ದಾಖಲಿಸಿದ್ದಾರೆ. ಬುಟ್ಟಿ ಹೆಣೆಯುವವರು ಪೇಟೆಯಲ್ಲಿ ಕೊಡಬೇಕಿದ್ದ ಬೆಲೆಗೆ ಇದು ಯಾವ ಲೆಕ್ಕಕ್ಕೂ ಇಲ್ಲ. ಕಾರ್ಖಾನೆ ಊರನ್ನು ಕಟ್ಟಿತು, ಕೆಲಸ ಕೊಟ್ಟಿತು, ನಿಜ. ಕಾಡಿನ ಉತ್ಪನ್ನ ಕೆಲವರಿಗೆ ರಿಯಾಯಿತಿ, ಇನ್ನು ಕೆಲವರಿಗೆ ಅಪರಾಧ ಎಂದು ಗೊತ್ತುಪಡಿಸುವುದು ಆಸ್ತಿ ಮತ್ತು ಅಂತಸ್ತು.

ಟಿಬೆಟನ್ನರ ಹೋಲಿಕೆ ಇಲ್ಲಿ ನ್ಯಾಯವಾಗಿ ಮಾಡಬೇಕು. ಅವರಿಗೆ ಸ್ವಂತ ದೇಶವಿಲ್ಲ, ಆ ನೆಲ ಗುತ್ತಿಗೆಯದು, ವಿದೇಶಿಯರ ನೋಂದಣಿ ಪತ್ರ ಹಿಡಿದು ಬದುಕಬೇಕು. ಸ್ಥಳೀಯರ ಗೇಲಿಗೆ ಅವರ ಕಣ್ಣು ಮೂಗುಗಳೂ ಗುರಿಯಾಗಿವೆ. ಆದರೂ ಅವರು ಬಂದಾಗ ಜೊತೆಗೆ ಸಂಘಟಿತ ಮಠಗಳಿದ್ದವು, ಜಗತ್ತಿಗೆ ಗೊತ್ತಿರುವ ನಾಯಕನಿದ್ದ, ಹೊರದೇಶಗಳ ನೆರವಿತ್ತು, ಸರ್ಕಾರ ಅಳೆದುಕೊಟ್ಟ ಭೂಮಿಯಿತ್ತು. ಮುಖ ಬೇರೆಯಾಗಿರುವುದೊಂದೇ ಒಂದು ಸಮುದಾಯವನ್ನು ಕೆಳಕ್ಕೆ ತಳ್ಳುವುದಿಲ್ಲ ಎಂಬುದಕ್ಕೆ ಮುಂಡಗೋಡಿನಷ್ಟು ಸ್ಪಷ್ಟ ನಿದರ್ಶನ ರಾಜ್ಯದಲ್ಲಿ ಇನ್ನೊಂದು ಸಿಗದು. ಒಂದು ಬೇರೆ ಮುಖಕ್ಕೆ ನೆಲ ಸಿಕ್ಕಿತು, ಗೌರವ ಹಿಂಬಾಲಿಸಿತು. ಇನ್ನೊಂದಕ್ಕೆ ಎರಡೂ ಸಿಗಲಿಲ್ಲ.

ಸರ್ಕಾರದ ಪಟ್ಟಿಗಳೂ ಇದೇ ಆಟದ ಭಾಗ. ಗುಜರಾತಿನ ಕೆಲವು ಜಿಲ್ಲೆಗಳ ಸಿದ್ದಿಗಳು 1950ರ ದಶಕದಲ್ಲೇ ಪರಿಶಿಷ್ಟ ಪಂಗಡವಾದರು. ಉತ್ತರ ಕನ್ನಡದ ಸಿದ್ದಿಗಳು ಆ ಪಟ್ಟಿ ಸೇರಿದ್ದು 2003ರಲ್ಲಿ. ಹಳಿಯಾಳದ ಗಡಿ ದಾಟಿದರೆ ಸಿಗುವ ಧಾರವಾಡ, ಬೆಳಗಾವಿ ಜಿಲ್ಲೆಗಳಲ್ಲಿರುವ ಅವರ ಬಂಧುಗಳು 2020ರವರೆಗೆ ಕಾಯಬೇಕಾಯಿತು. ಅಣ್ಣ ಪಟ್ಟಿಯೊಳಗೆ, ಗಡಿಯಾಚೆಗೆ ಮದುವೆಯಾಗಿ ಹೋದ ತಂಗಿಯ ಮನೆ ಪಟ್ಟಿಯ ಹೊರಗೆ ಎಂಬ ಸ್ಥಿತಿ ಹದಿನೇಳು ವರ್ಷ ಇತ್ತು. ಅದೇ 2020ರಲ್ಲಿ ಯಲ್ಲಾಪುರ ತಾಲೂಕಿನ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡು, ಸಮುದಾಯದಿಂದ ಶಾಸಕರಾದ ಮೊದಲಿಗರಾದರು. 2011ರ ಜನಗಣತಿಯಂತೆ ಕರ್ನಾಟಕದ ಸಿದ್ದಿಗಳು 10,000ಕ್ಕೆ ತುಸು ಹೆಚ್ಚು. ಮತದ ಲೆಕ್ಕದಲ್ಲಿ ಇಷ್ಟು ಚಿಕ್ಕ ಸಮುದಾಯದ ಕೂಗು ವಿಧಾನಸೌಧ ಮುಟ್ಟಲು ಇಷ್ಟು ಕಾಲ ಹಿಡಿಯಿತು. ಜೋಯಿಡಾದ ಇನ್ನೊಂದು ಸಮುದಾಯವಾದ ಕುಣಬಿಗಳ ಮುಖ ಯಾರಿಗೂ ಪರಕೀಯವೆನಿಸದು, ಆದರೂ ಕಾಗದದ ಗೋಡೆ ಅವರಿಗೂ ಇದೆ. ಗೋವೆಯ ಕುಣಬಿಗಳು 2003ರಲ್ಲಿ ಪರಿಶಿಷ್ಟ ಪಂಗಡವಾದರು. ಅದೇ ಕಾಡಿನ ಈಚೆ ಬದಿಯ ಜೋಯಿಡಾದ ಕುಣಬಿಗಳು ಆ ಬೇಡಿಕೆ ಹಿಡಿದು ವರ್ಷಗಳಿಂದ ಹೋರಾಡುತ್ತಿದ್ದಾರೆ.

ಈ ಪಟ್ಟಿಯ ಒಳಗಿರುವುದಕ್ಕೂ ಹೊರಗಿರುವುದಕ್ಕೂ ಅರಣ್ಯ ಹಕ್ಕು ಕಾಯ್ದೆಯಲ್ಲಿ ದೊಡ್ಡ ವ್ಯತ್ಯಾಸವಿದೆ. 2006ರ ಆ ಕಾನೂನಿನಂತೆ, 2005ರ ಡಿಸೆಂಬರ್ 13ಕ್ಕೂ ಮೊದಲಿನಿಂದ ಅರಣ್ಯಭೂಮಿ ಸಾಗುವಳಿ ಮಾಡುತ್ತಿರುವ ಪರಿಶಿಷ್ಟ ಪಂಗಡದವರು ಹಕ್ಕು ಕೇಳಬಹುದು. ಉಳಿದ ಪಾರಂಪರಿಕ ಅರಣ್ಯವಾಸಿಗಳು ಅದರ ಜೊತೆಗೆ ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲೇ ಇದ್ದುದಕ್ಕೆ ಸಾಕ್ಷ್ಯ ಕೊಡಬೇಕು. ಓದುಬರಹವಿಲ್ಲದೆ ಕಾಡಿನಲ್ಲಿ ಬದುಕಿದವರ ಮನೆಯಲ್ಲಿ 1930ರ ಕಾಗದ ಎಲ್ಲಿಂದ ಬರಬೇಕು?

ಆದರೆ ಕಾಗದವಿಲ್ಲದವರಿಗೂ ಕಾಯ್ದೆಯ ನಿಯಮಗಳು ಒಂದು ದಾರಿ ಬಿಟ್ಟಿವೆ. 13ನೆಯ ನಿಯಮದಂತೆ, ಅರ್ಜಿದಾರರಲ್ಲದ ಊರಿನ ಹಿರಿಯರು ಕೊಟ್ಟು ಬರೆಸಿದ ಹೇಳಿಕೆಯೂ ಸಾಕ್ಷ್ಯ. ಇಂಥದೇ ದಾಖಲೆ ಬೇಕೆಂದು ಮೇಲಿನ ಸಮಿತಿಗಳು ಹಟ ಹಿಡಿಯುವಂತಿಲ್ಲ ಎಂದು 2012ರ ತಿದ್ದುಪಡಿ ಸ್ಪಷ್ಟಪಡಿಸಿದೆ. ಹಳಿಯಾಳ, ಮುಂಡಗೋಡ, ಜೋಯಿಡಾ, ದಾಂಡೇಲಿಯ ಹಿರಿಯ ಓದುಗರೇ, ನೀವು ಮರಾಠರಿರಬಹುದು, ಲಿಂಗಾಯತರಿರಬಹುದು, ಹವ್ಯಕರಿರಬಹುದು. ನಿಮ್ಮ ಬಾಲ್ಯದಲ್ಲಿ ಆ ಕಾಡಂಚಿನ ಗದ್ದೆಯನ್ನು ಯಾರು ಉಳುತ್ತಿದ್ದರೆಂದು ನಿಮಗೆ ಗೊತ್ತಿದೆ. ನಿಮ್ಮ ಗ್ರಾಮದ ಅರಣ್ಯ ಹಕ್ಕು ಸಮಿತಿಯ ಮುಂದೆ ಹೋಗಿ ಅದನ್ನು ಹೇಳಿ, ಬರೆಸಿ, ಸಹಿ ಹಾಕಿ.